ಅಂಜೂರದ ಕೆಳಗಿನ ಗೊಂಬೆ

"ಬುದ್ಧಿ, ಮಠದಲ್ಲಿ ಇಷ್ಟು ಜನ ಇದ್ದಾರೆ. ದುಡಿದು ಸವೆಯೋನು ನಾನೊಬ್ಬನೇ ಯಾಕೆ?"

ಗುರುಗಳನ್ನು ಹೀಗೆ ಕೇಳಿ ಮರುಳಯ್ಯ ಕಂಬಕ್ಕೆ ಒರಗಿ ಕುಳಿತ. ಅವನು ಮಠದ ದಾಸೋಹ ನೋಡಿಕೊಳ್ಳುವವನು. ಮಧ್ಯಾಹ್ನದ ಪಂಕ್ತಿ ಆಗಷ್ಟೇ ಎದ್ದಿತ್ತು. ಸೊಂಟದಲ್ಲಿದ್ದ ಉಗ್ರಾಣದ ಬೀಗದ ಕೈ ಕೂಡ ಭಾರವೆನಿಸುವಷ್ಟು ಮೈ ಸೋತಿತ್ತು. ಅಡುಗೆ ಅವನದೇ, ಬಡಿಸುವುದು ಅವನದೇ, ಕೊನೆಗೆ ಹಂಡೆ ತಿಕ್ಕುವುದೂ ಅವನದೇ. ಉಳಿದ ಶಿಷ್ಯರನ್ನು ಕೂತು ಉಣ್ಣುವವರೆಂದು ಮನಸ್ಸಿನಲ್ಲೇ ಬೈದು ಬೈದು ಅದೂ ಸಾಕಾಗಿತ್ತು. ಅಪ್ಪಣೆ ಸಿಕ್ಕಿದರೆ ನಾಳೆಯೇ ಗಂಟು ಕಟ್ಟಿಕೊಂಡು ಹೊರಟುಬಿಡುವುದೆಂದು ನಿಶ್ಚಯಿಸಿಯೇ ಬಂದಿದ್ದ.

ಗುರುಗಳು ಅವನ ಮುಖ ನೋಡಿದರು. "ಹತ್ತಿರದ ಊರಿನ ಕತೆ ಹೇಳಿದರೆ ನಿನಗೆ ಸಿಟ್ಟು ಬರುತ್ತದೆ. ದೂರದ್ದೊಂದು ಹೇಳುತ್ತೇನೆ" ಎಂದು ಶುರುಮಾಡಿದರು.

ಮೆಕ್ಸಿಕೋ ದೇಶದಲ್ಲಿ ಒಂದು ಊರು. ಅಲ್ಲಿ ಓಣಿಗೊಂದು ಬೇಕರಿ. ನಮ್ಮಲ್ಲಿ ಹಬ್ಬಕ್ಕೊಂದು ಸಿಹಿ ಇರುವ ಹಾಗೆ ಅವರಲ್ಲಿ ಹಬ್ಬಕ್ಕೊಂದು ಬ್ರೆಡ್. ಸತ್ತವರ ಹಬ್ಬಕ್ಕೆ, ಮೇಲೆ ಎಲುಬಿನ ಆಕಾರ ಹಚ್ಚಿದ ದುಂಡನೆಯ ಬ್ರೆಡ್. ಕೂಸು ಯೇಸುವನ್ನು ನೋಡಲು ಮೂವರು ಅರಸರು ಬಂದ ಹಬ್ಬಕ್ಕೆ ಬಳೆಯಂಥ ದೊಡ್ಡ ಬ್ರೆಡ್, ಅದರ ಮೇಲೆ ಪಾಕ ಹಿಡಿದ ಹಣ್ಣಿನ ತುಂಡುಗಳು. ಆ ದಿನ ಯಾವ ಓಣಿ ಹೊಕ್ಕರೂ ಬೆಣ್ಣೆಯ ವಾಸನೆ, ಕಿತ್ತಳೆ ಸಿಪ್ಪೆಯ ವಾಸನೆ. ಯಾವ ಬೇಕರಿಗೆ ಹೋಗಬೇಕು ಎಂದು ಕೇಳಿದರೆ ಎಲ್ಲರೂ ತಮ್ಮ ಓಣಿಯದನ್ನೇ ತೋರಿಸುತ್ತಾರೆ.

ಆ ಬಳೆಬ್ರೆಡ್ಡಿನೊಳಗೆ ಬೆರಳ ತುದಿಯಷ್ಟು ದೊಡ್ಡ ಕೂಸಿನ ಗೊಂಬೆಯೊಂದನ್ನು ಅಡಗಿಸಿರುತ್ತಾರೆ. ಕೆಟ್ಟ ದೊರೆಯ ಕಣ್ಣು ತಪ್ಪಿಸಿ ಕೂಸನ್ನು ಬಚ್ಚಿಟ್ಟ ನೆನಪಿಗಂತೆ. ಎಲ್ಲರೂ ಒಂದೊಂದು ತುಂಡು ಕೊಯ್ದುಕೊಳ್ಳಬೇಕು. ಗೊಂಬೆ ಯಾರ ತುಂಡಿನಲ್ಲಿ ಬರುತ್ತದೋ ಅವರು ಮುಂದಿನ ತಿಂಗಳು ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚುವ ದೀಪದ ಹಬ್ಬಕ್ಕೆ ಉಳಿದವರನ್ನೆಲ್ಲ ಮನೆಗೆ ಕರೆದು ಉಣ್ಣಿಸಬೇಕು. ಊಟವೆಂದರೆ ತಮಾಲೆ, ಅಂದರೆ ಮೆಕ್ಕೆಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು. ಓಣಿಗೆಲ್ಲ ಮಾಡಿ ಹಾಕುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ.

ಒಂದು ಬಡ ಓಣಿಯಲ್ಲಿ ಒಬ್ಬ ಬೇಕರಿಯವನಿದ್ದ. ಒಂದು ವರ್ಷ ಓಣಿಯವರೆಲ್ಲ ಅವನ ಅಂಗಡಿಯಲ್ಲಿ ಕೂಡಿ ಬ್ರೆಡ್ ಕೊಯ್ದಾಗ ಗೊಂಬೆ ಬಟ್ಟೆ ಒಗೆಯುವ ವಿಧವೆಯೊಬ್ಬಳ ಪಾಲಿಗೆ ಬಂತು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತುಬಿಟ್ಟಳು. ಬೇಕರಿಯವನಿಗೆ ಮರುಕ ಬಂತು. ತನ್ನ ಗಂಜಿಗೇ ಒದ್ದಾಡುವವಳು ಓಣಿಗೆ ಎಲ್ಲಿಂದ ಹಾಕಿಯಾಳು ಎಂದುಕೊಂಡ. ಅವಳನ್ನು ಒಂದು ಮಾತೂ ಕೇಳದೆ, ಹಬ್ಬದ ದಿನ ತಾನೇ ಕಡುಬು ಬೇಯಿಸಿ, ತನ್ನ ಅಂಗಡಿಯಲ್ಲೇ ಎಲ್ಲರಿಗೂ ಬಡಿಸಿದ.

ಮರುವರ್ಷದಿಂದ ಗೊಂಬೆ ಇಟ್ಟ ಜಾಗದ ಮೇಲೆ ಗುರುತಿಗೆಂದು ಅಂಜೂರದ ತುಂಡು ಇಡತೊಡಗಿದ. ಬೇರೆ ಹಣ್ಣು ಸುತ್ತಲೂ ಇರುತ್ತಿತ್ತು, ಅಂಜೂರ ಅಲ್ಲಿ ಮಾತ್ರ. ಆ ತುಂಡನ್ನು ತಾನೇ ಕೊಯ್ದುಕೊಳ್ಳುವನು. ಗೊಂಬೆ ಹಲ್ಲಿಗೆ ಸಿಕ್ಕಾಗ, ಅಯ್ಯೋ ಈ ಸಲವೂ ನನಗೇ ಬಂತಲ್ಲ ಎಂದು ಹುಬ್ಬೇರಿಸುವನು. ಓಣಿ ನಗುವುದು.

ವರ್ಷಗಳು ಉರುಳಿದವು. ಹಿಟ್ಟು ನಾದುವ ರಟ್ಟೆ ಸೋತಿತು. ಅದರ ಹಿಂದೆಯೇ ಕರುಣೆಯೂ ಸೋತಿತು. ಬಡಿಸುತ್ತ ಬಡಿಸುತ್ತ ಉಣ್ಣುವವರ ಮೇಲೆ ಅವನಿಗೆ ಸಿಟ್ಟು ಬರತೊಡಗಿತು. ಈ ವರ್ಷ ನಮ್ಮ ಮನೆಗೆ ಬಾ, ನೀನು ಸುಮ್ಮನೆ ಕೂತು ಉಣ್ಣು ಎಂದು ಒಬ್ಬರಾದರೂ ಕರೆಯಲಿಲ್ಲವಲ್ಲ ಎಂದು ಒಳಗೊಳಗೇ ಕುದಿದ.

ಇಲ್ಲಿ ಮರುಳಯ್ಯ ಜೋರಾಗಿ ಹೂಂಗುಟ್ಟಿದ. ಕತೆಯಲ್ಲಿ ಅವನಿಗೆ ತನ್ನವನೊಬ್ಬ ಸಿಕ್ಕಿದ್ದ. ಗುರುಗಳು ಮುಂದುವರಿಸಿದರು.

ಒಂದು ಹಬ್ಬದಲ್ಲಿ ಬೇಕರಿಯವನು ಅಂಜೂರದ ತುಂಡನ್ನು ಮುಟ್ಟುವುದಿಲ್ಲವೆಂದು ಹಟ ಹಿಡಿದ. ಬೇರೆ ಕಡೆ ಕೊಯ್ದುಕೊಂಡು ಕೂತ. ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಪಾಲು ತೆಗೆದುಕೊಂಡರು. ಕೊನೆಗೆ ತಟ್ಟೆಯಲ್ಲಿ ಅಂಜೂರದ ತುಂಡೊಂದೇ ಉಳಿಯಿತು. ಪಾಲು ಬಾಕಿ ಇದ್ದದ್ದು ಆ ವಿಧವೆಗೆ ಮಾತ್ರ. ಅವಳಿಗೀಗ ಮುಪ್ಪು ಬಂದಿತ್ತು. ಅವಳು ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದಳು.

"ಇದು ನಿಂದಪ್ಪ. ಅಂಜೂರ ನಿಂದು ಅಂತ ನಮಗೆಲ್ಲ ಗೊತ್ತು" ಎಂದಳು.

ಅವನ ಸಿಟ್ಟು ಕಟ್ಟೆಯೊಡೆಯಿತು. ಗೊತ್ತಿದ್ದೂ ಇಷ್ಟು ವರ್ಷ ನನ್ನ ತಲೆಗೇ ಕಟ್ಟಿದಿರಾ, ಅಂದು ನೀನು ಅತ್ತದ್ದನ್ನು ನೋಡಲಾರದೆ ತಾನೆ ನಾನು ಇದನ್ನು ಹೊತ್ತದ್ದು ಎಂದು, ಆಡಬಾರದ್ದನ್ನೆಲ್ಲ ಆಡಿಬಿಟ್ಟ.

ಮುದುಕಿ ತಟ್ಟೆಯಿಂದ ಕೈ ತೆಗೆದು ಹೇಳಿದಳು:

"ಗಂಡ ಸತ್ತ ಮೇಲೆ ನಮ್ಮನೆ ಹೊಸ್ತಿಲು ಯಾರೂ ತುಳಿದಿರಲಿಲ್ಲ. ಗೊಂಬೆ ಬಂತು, ಇನ್ನು ಓಣಿಯೆಲ್ಲ ಬರುತ್ತೆ ಅಂತ ಸಂತೋಷಕ್ಕೆ ಅತ್ತೆ. ನೀನೇ ಅಡುಗೆ ಮಾಡಿಬಿಟ್ಟೆ. ಆಮೇಲೆ ಅಂಜೂರ ಇಟ್ಟೆ. ನಿಂದೇನೋ ಹರಕೆ ಅಂದುಕೊಂಡೆವು. ಇನ್ನೊಬ್ಬರ ಹರಕೆಗೆ ಅಡ್ಡ ಬರಬಾರದಲ್ಲ."

ಬೇಕರಿಯವನು ತಟ್ಟೆಯನ್ನು ಮೆಲ್ಲನೆ ಅವಳ ಕಡೆಗೆ ತಿರುಗಿಸಿದ. ಅವಳು ತನ್ನ ಕೈ ನೋಡಿಕೊಂಡಳು. ಬಟ್ಟೆ ಒಗೆದು ಒಗೆದು ಬೆರಳುಗಳು ಸೊಟ್ಟಗಾಗಿದ್ದವು, ಕಡುಬು ಸುತ್ತುವ ಶಕ್ತಿ ಉಳಿದಿರಲಿಲ್ಲ. ಆದರೂ ತುಂಡು ತೆಗೆದುಕೊಂಡಳು.

ದೀಪದ ಹಬ್ಬಕ್ಕೆ ಅವಳ ಮನೆಯಲ್ಲಿ ಹಿಟ್ಟು ಕಲಸಲು ಯಾರೋ ಬಂದರು, ಸಿಪ್ಪೆ ನೆನೆಸಲು ಇನ್ಯಾರೋ ಬಂದರು. ಒಲೆ ನೋಡುವವರಿಗೂ ಕೊರತೆಯಾಗಲಿಲ್ಲ. ಮುದುಕಿ ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕರೆದಳು. ಅವಳಿಗೆ ಮೊದಲಿಂದ ಬೇಕಾಗಿದ್ದುದೂ ಅದೊಂದೇ. ಬೇಕರಿಯವನನ್ನು ಎಲ್ಲರಿಗಿಂತ ಮುಂದೆ ಕೂರಿಸಿದರು. ಕೂತು ಉಣ್ಣುವುದು ಅವನಿಗೆ ಮರೆತೇ ಹೋಗಿತ್ತು. ಮತ್ತೆ ಮತ್ತೆ ಎದ್ದು ಒಲೆಯ ಕಡೆ ಹೋಗಿ, ಬೈಸಿಕೊಂಡು ಬಂದು ಕೂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯನಿಗೆ ಸಿಟ್ಟೇನೂ ಬರಲಿಲ್ಲ, ದೂರದ ಊರಿನ ಕತೆ. ಪಾಪ, ಆ ಮನುಷ್ಯ ಅವತ್ತೇ ಅವಳನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಮರುಗಿದ.

ಅಷ್ಟರಲ್ಲಿ ಹಿರಿಯ ಶಿಷ್ಯರೊಬ್ಬರು ಬಾಗಿಲಿಗೆ ಬಂದು, ಸಂಜೆಯ ಅಡುಗೆಗೆ ಬೇಳೆಯನ್ನು ನಾನು ಅಳೆದಿಡಲೇ ಎಂದು ಕೇಳಿದರು.

"ಬೇಡ ಬಿಡಿ, ನಿಮಗೆ ಅಂದಾಜು ಸಿಗಲ್ಲ. ನಾನೇ ಬರ್ತೀನಿ" ಎಂದು ಮರುಳಯ್ಯ ಮಂಡಿ ಹಿಡಿದುಕೊಂಡು ಎದ್ದ.

ಗುರುಗಳು ಅವನ ಬೀಗದ ಕೈ ನೋಡಿ ಹೇಳಿದರು: "ಗೊಂಬೆ ಇನ್ನೂ ನಿನ್ನ ಸೊಂಟದಲ್ಲೇ ಇದೆಯಲ್ಲಪ್ಪ."