ಎತ್ತಿಲ್ಲದ ಬಂಡಿ ಕೇಳಿದ್ದು

"ಕೇಳ್ರಪ್ಪೋ ಕೇಳಿ! ಎತ್ತಿಲ್ಲದ ಬಂಡಿ ಏರಿ, ಅದು ಕೇಳುವ ಮೂರು ಒಗಟು ಬಿಡಿಸಿ, ಮುಗಿಲಘಟ್ಟ ಇಳಿಸಿದವರಿಗೆ ಅರ್ಧ ರಾಜ್ಯ! ತಪ್ಪಿದವರಿಗೆ ಪ್ರಪಾತ!"

ಡಂಗುರ ಸಾರುತ್ತಿದ್ದವನು ಸಣ್ಣೀರ, ಮಹಾ ಪುಕ್ಕಲ. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವವನು. ಕೈ ನಡುಗಿ ಪೆಟ್ಟು ಒಂದರ ಮೇಲೊಂದು ಬಿದ್ದರೆ ಊರಿಗೆ ಊರೇ ನಗುತ್ತಿತ್ತು.

ಬಂಡಿ ಕಟ್ಟಿದ ಬಡಗಿ ಅದರ ಹೊಟ್ಟೆಯೊಳಗೆ ನೂಲೆಳೆಗಳ ದೊಡ್ಡ ಬಲೆ ಹೆಣೆದು, ಚಕ್ರಗಳಿಗೆ ಗಂಟು ಹಾಕಿ, ಗುಟ್ಟು ಹೇಳದೆ ಸತ್ತಿದ್ದ. ಬಂಡಿ ತಾನೇ ಓಡುತ್ತಿತ್ತು, ಮಾತೂ ಆಡುತ್ತಿತ್ತು. ಆದರೆ ಹಗ್ಗ ಎಳೆದರೆ ನಿನ್ನೆ ತಿರುಗಿದಂತೆ ಇವತ್ತು ತಿರುಗುತ್ತಿರಲಿಲ್ಲ. ಅದನ್ನು ಪಳಗಿಸುವ ಆಳು ಅರಸನಿಗೆ ಬೇಕಾಗಿತ್ತು.

ಮೊದಲು ಏರಿದವನು ಪಕ್ಕದ ಸೀಮೆಯ ಯುವರಾಜ. ಮೊದಲ ತಿರುವಿನಲ್ಲಿ "ಶಾಸ್ತ್ರ!" ಎಂಬ ಕೂಗು, ಹಿಂದೆಯೇ ಕಲ್ಲುರುಳಿದ ಸದ್ದು. ಬಂಡಿ ಬರಿದಾಗಿ ಮೇಲೆ ಬಂತು. ಆಮೇಲೆ ದಳವಾಯಿಯ ಮಗ. ಅದೇ ತಿರುವು, "ನನ್ನ ತೋಳು!" ಎಂಬ ಕೂಗು, ಅದೇ ಸದ್ದು.

ಮತ್ತೆ ಯಾರೂ ಬರಲಿಲ್ಲ. ಆ ಸೀಮೆಯಲ್ಲೊಂದು ಕಟ್ಟಳೆ: ಮೂರು ಸಂತೆ ಸಾರಿದರೂ ಆಳು ಸಿಗದಿದ್ದರೆ ಸಾರಿದವನೇ ಆಳು. ಸಣ್ಣೀರನ ಅವ್ವ ಅರಸನ ಕಾಲಿಗೆ ಬಿದ್ದಳು.

"ನನ್ ಮಗ ನೆರಳಿಗೂ ಹೆದರೋನು ಬುದ್ದಿ, ಬಿಟ್ಟುಬಿಡಿ!"

"ಕಟ್ಟಳೆ ಕಟ್ಟಳೆಯೇ" ಎಂದ ಅರಸ.

ಸಣ್ಣೀರನನ್ನು ಎತ್ತಿ ಕೂರಿಸಬೇಕಾಯಿತು. ಬಂಡಿ ಇಳಿಯತೊಡಗಿತು. ಒಂದು ಗಾಲಿ ಅಂಚಿನಾಚೆ ತೂಗಿದಾಗ ಕೆಳಗೆ ಯುವರಾಜನ ಕೆಂಪು ರುಮಾಲು ಮುಳ್ಳಿಗೆ ಸಿಕ್ಕಿದ್ದು ಕಂಡಿತು. ಸಣ್ಣೀರ ಹಲಗೆಯನ್ನು ತಬ್ಬಿಕೊಂಡ.

"ನನ್ನ ತೂಕ ನನಗೆ ತಿಳಿಯದು, ದಾರಿಯೂ ತಿಳಿಯದು" ಎಂದಿತು ಬಂಡಿ. "ನನಗೊಬ್ಬ ಗುರು. ಅವನು ಬಂದರೆ ನೋವು, ಬಾರದಿದ್ದರೆ ಪಾಠವಿಲ್ಲ. ಯಾರವನು?"

ಅಪ್ಪ ಡಂಗುರ ಕಲಿಸಿದ್ದು ಸಣ್ಣೀರನಿಗೆ ನೆನಪಾಯಿತು. ಕೋಲು ತಪ್ಪಿದಾಗಲೆಲ್ಲ ಬೆನ್ನಿಗೊಂದು ಬೀಳುತ್ತಿತ್ತು.

"ತ... ತಪ್ಪು" ಎಂದ. ಬಂಡಿ ತಿರುವು ದಾಟಿತು.

"ನನ್ನೊಳಗೆ ಬರೆದಿಟ್ಟದ್ದು ಒಂದಕ್ಷರವಿಲ್ಲ. ಆದರೂ ಕಲಿತದ್ದೆಲ್ಲ ಇದೆ. ಎಲ್ಲಿದೆ?"

ಹಲಗೆಯಡಿ ಎಳೆಗಳು ಕಿರುಗುಟ್ಟುತ್ತಿದ್ದವು. ಡಂಗುರದ ನಾದವಿರುವುದೂ ಹಗ್ಗದ ಬಿಗಿಯಲ್ಲೇ ಅಲ್ಲವೇ?

"ಗಂಟುಗಳ ಬಿಗಿಯಲ್ಲಿ!"

ಕೊನೆಯ ತಿರುವು ಕಡಿದಾಗಿತ್ತು. ಬಂಡಿ ಹಾರುವಂತೆ ಓಡಿತು. "ಅದು ಹೆಚ್ಚಾದರೆ ನಾನು ಉರುಳುತ್ತೇನೆ, ಇಲ್ಲವಾದರೂ ಉರುಳುತ್ತೇನೆ. ಅದು ಹದವಾಗಿರುವವನೇ ನನ್ನ ಒಡೆಯ. ಏನದು?"

'ಧೈರ್ಯ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹೆದರಿ ಹಗ್ಗ ಜಗ್ಗಿದ. ಬಂಡಿ ಬಂಡೆಯತ್ತ ನುಗ್ಗಿತು. ಕೈಬಿಟ್ಟ, ಪ್ರಪಾತದತ್ತ ವಾಲಿತು. ನಡುಗುವ ಬೆರಳಿನಲ್ಲೇ ಚೂರು ಹಿಡಿದು ಚೂರು ಬಿಟ್ಟ. ಬಂಡಿ ನೆಟ್ಟಗಾಯಿತು. ಸಣ್ಣೀರ ಅಳುತ್ತಲೇ ಕೂಗಿದ:

"ಹೆದರಿಕೆ!"

ಬಂಡಿ ಘಟ್ಟದ ಬುಡ ಮುಟ್ಟಿ, ಅವನನ್ನು ಹೊತ್ತು ಮೇಲೆ ಬಂತು. ಅವ್ವ ಓಡಿಬಂದು ಅವನ ತಲೆ, ಕೈ, ಕಾಲು ಮುಟ್ಟಿ ನೋಡಿದಳು.

ಅರಸ ಗುಟ್ಟು ಕೇಳಿದ.

"ಬಂಡಿ ಜಾರಿದಾಗಲೆಲ್ಲ ಒಳಗಿನ ಗಂಟುಗಳು ಒಂದಿಷ್ಟು ಬಿಗೀತವೆ, ಒಂದಿಷ್ಟು ಸಡಿಲಾಗ್ತವೆ, ಬುದ್ದಿ. ಹಂಗೇ ಅದು ದಾರಿ ಕಲಿಯೋದು. ಹಗ್ಗ ಹಿಡಿದೋನು ವಿಪರೀತ ಹೆದರಿದರೆ ಅತಿಯಾಗಿ ತಿರುಗ್ತದೆ. ಹೆದರಿಕೇನೇ ಇಲ್ದಿದ್ರೆ ಜಾರಿದ್ದೇ ಗೊತ್ತಾಗಲ್ಲ."

"ಅರ್ಧ ರಾಜ್ಯ ನಿನ್ನದು."

"ರಾಜ್ಯ ಆಮೇಲೆ. ಸಾರಿದವನೇ ಆಳು ಅನ್ನೋ ಕಟ್ಟಳೆ ತೆಗೀರಿ. ಇಲ್ಲಾಂದ್ರೆ ಒಂದ್ಸಲ ನನ್ ಪಕ್ಕ ಕೂತು ಘಟ್ಟ ಇಳೀರಿ."

ಅರಸ ಅಂಚಿಗೆ ಬಂದು ಕೆಳಗೆ ನೋಡಿದ. ಕೆಂಪು ರುಮಾಲು ಗಾಳಿಗೆ ಆಡುತ್ತಿತ್ತು. ಎರಡು ಹೆಜ್ಜೆ ಹಿಂದೆ ಸರಿದ.

"ತೆಗೆದಿದ್ದೇನೆ, ಸಾರಿಬಿಡು" ಎಂದ.

ಸಣ್ಣೀರ ಡಂಗುರ ಎತ್ತಿಕೊಂಡ. ಅವತ್ತೂ ಕೈ ನಡುಗಿತು, ಪೆಟ್ಟು ಒಂದರ ಮೇಲೊಂದು ಬಿದ್ದವು. ಯಾರೂ ನಗಲಿಲ್ಲ.