ಮಾಗಿಯಲ್ಲಿ ಗಟ್ಟಿಯಾದ ಎಣ್ಣೆ

"ಗುರುಗಳೇ, ನನ್ನ ಗೆಳೆಯ ಇಪ್ಪತ್ತು ವರ್ಷ ಮೃದುವಾಗಿದ್ದ. ಈಗ ಕಲ್ಲಿನಂತಾಗಿದ್ದಾನೆ. ಹಾಗಾದರೆ ಹಿಂದಿನ ಮೃದುತನ ಸುಳ್ಳಾಗಿತ್ತೇ?" ಎಂದು ನೀಲಪ್ಪನೆಂಬ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಡಲತೀರದ ಊರಿನಲ್ಲಿ ಒಬ್ಬ ಗಾಣಗಿತ್ತಿ ಇದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬ ಆಳನ್ನಿಟ್ಟುಕೊಂಡು ಗಾಣವನ್ನು ತಾನೇ ನಡೆಸುತ್ತಿದ್ದಳು. ಕೊಬ್ಬರಿಯಲ್ಲದೆ ಬೇರೇನನ್ನೂ ಅದಕ್ಕೆ ಹಾಕಿದವಳಲ್ಲ. ಅವಳ ಎಣ್ಣೆ ವರ್ಷ ಕಳೆದರೂ ಕಮಟು ಹಿಡಿಯುತ್ತಿರಲಿಲ್ಲ.

ಅವಳ ಮಗಳನ್ನು ಬೆಟ್ಟದ ಮೇಲಿನ ಊರಿಗೆ ಕೊಟ್ಟಿತ್ತು. ಒಂದು ಮಾಗಿಯಲ್ಲಿ ಆ ಮಗಳು ತಿಂಗಳು ತುಂಬುವ ಮೊದಲೇ ಹೆತ್ತಳು. ಸುದ್ದಿ ಬಂದ ಕೂಡಲೇ ಗಾಣಗಿತ್ತಿ ಒಂದು ಗಡಿಗೆ ಎಣ್ಣೆ ಹೊತ್ತು ಎರಡು ದಿನ ಬೆಟ್ಟ ಹತ್ತಿದಳು. ತಿಂಗಳು ತುಂಬದ ಕೂಸಿಗೆ ಚರ್ಮದಡಿ ಸಾಕಷ್ಟು ಕೊಬ್ಬು ಕೂಡಿರುವುದಿಲ್ಲ. ಮೈ ಬೇಗ ತಣ್ಣಗಾಗುತ್ತದೆ. ಎಣ್ಣೆ ಸವರಿ, ತಾಯಿಯ ಎದೆಗೊತ್ತಿ ಕಾವು ಉಳಿಸಬೇಕು.

ಎಲ್ಲರ ಎದುರಿಗೇ ಗಡಿಗೆಯ ಬಾಯಿ ಬಿಚ್ಚಿದಳು. ಒಳಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿತ್ತು. ಸೆಕೆಯ ಊರಿನವಳು, ಅಂಥದ್ದನ್ನು ಅವಳು ಕಂಡೇ ಇರಲಿಲ್ಲ.

ಮನೆಯಲ್ಲಿ ಎಳ್ಳೆಣ್ಣೆಯನ್ನಷ್ಟೇ ಬಳಸುತ್ತಿದ್ದ ಬೀಗಿತ್ತಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. "ಇದು ಎಣ್ಣೆಯಲ್ಲ, ದನದ ಕೊಬ್ಬು. ನನ್ನ ಮೊಮ್ಮಗುವಿಗೆ ಮುಟ್ಟಿಸಬೇಡಿ."

ಗಾಣಗಿತ್ತಿ ಗಡಿಗೆಯೊಳಗೆ ಬಗ್ಗಿ ನೋಡಿದಳು. ಗಾಣದ ಆಳು ಏನಾದರೂ ಬೆರೆಸಿದನೇ? ನಾನು ನೋಡದೆ ಹೋದೆನೇ? ಅತ್ತ ಕೂಸಿನ ಪಾದಗಳು ತಣ್ಣಗಾಗುತ್ತಿದ್ದವು.

ಅವಳು ಉಗುರಿನಿಂದ ಒಂದು ಚೂರು ಕೆರೆದು ತೆಗೆದಳು. ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟಿದಳು. ಸ್ವಲ್ಪ ಹೊತ್ತಿಗೆ ಬೆರಳ ಸಂದಿಯಿಂದ ಎಣ್ಣೆ ಇಳಿಯಿತು. ತಿಳಿಯಾಗಿತ್ತು. ಕೊಬ್ಬರಿಯ ವಾಸನೆ ಬಂತು. ಅವಳು ಉಸಿರು ಬಿಟ್ಟಳು. ಆಮೇಲೆ ಇನ್ನೊಂದು ಚೂರು ತೆಗೆದು ಚಾಚಿದಳು.

"ನನ್ನ ಕೈಯನ್ನು ನಂಬಬೇಡಿ, ಬೀಗಿತ್ತಿ. ನಿಮ್ಮ ಕೈಯಲ್ಲೇ ಹಿಡಿದು ನೋಡಿ."

ಬೀಗಿತ್ತಿ ಹಿಡಿದಳು. ಅವಳ ಕೈಯಲ್ಲೂ ಅದು ಕರಗಿತು. ಮೂಸಿ ನೋಡಿದಳು. "ಅಯ್ಯೋ, ನಮ್ಮೂರ ಚಳಿಯ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದೆನಲ್ಲ!" ಎಂದು ನಾಚಿ ನಕ್ಕಳು. ತಾನೇ ನೆಲದ ಮೇಲೆ ಕುಳಿತು ಕೂಸನ್ನು ಮಡಿಲಿಗೆ ಹಾಕಿಕೊಂಡಳು. ಇಬ್ಬರು ಅಜ್ಜಿಯರೂ ಎಣ್ಣೆ ಬೆಚ್ಚಗೆ ಮಾಡಿ ಸವರಿದರು, ತಾಯಿಯ ಎದೆಗೆ ಒರಗಿಸಿ ಕಂಬಳಿ ಹೊದಿಸಿದರು. ಮಧ್ಯಾಹ್ನದ ಹೊತ್ತಿಗೆ ಪಾದಗಳು ಬೆಚ್ಚಗಾದವು. ಅದುವರೆಗೆ ಕುಯ್‌ಗುಡುತ್ತಿದ್ದ ಕೂಸು ಹಾಲಿಗಾಗಿ ಮನೆಯೆಲ್ಲ ಕೇಳುವಂತೆ ಕಿರುಚಿತು. ಆ ಕೂಗು ಕೇಳಿ ಬಾಣಂತಿ ಅತ್ತಳು, ಅಜ್ಜಿಯರು ನಕ್ಕರು. ಎರಡು ತಿಂಗಳಲ್ಲಿ ಕೂಸಿನ ಕೆನ್ನೆ ತುಂಬಿಕೊಂಡಿತು.

ನೀಲಪ್ಪನ ಮುಖ ಅರಳಿತು. "ಹಾಗಾದರೆ ಎಣ್ಣೆ ಕೆಟ್ಟಿರಲಿಲ್ಲ, ಗುರುಗಳೇ. ಗಟ್ಟಿಯಾದಾಗಲೂ ಅದು ಅದೇ ಎಣ್ಣೆ."

ಗುರುಗಳು ಕೇಳಿದರು: "ನೀನು ನಿನ್ನ ಗೆಳೆಯನ ಕೈ ಹಿಡಿದು ಎಷ್ಟು ದಿನವಾಯಿತು?"