ಹರಿದ ಅಂಚಿನ ಬಣ್ಣ

"ಗುರುಗಳೇ, ಭಕ್ತಿಯ ವೇಷ ಹಾಕಿದವನನ್ನು ಮಠದಲ್ಲಿ ಇಟ್ಟುಕೊಳ್ಳಬಹುದೇ?"

ಕೇಳಿದವನು ಅಡವಯ್ಯ. ಮಠದ ಹಿರಿಯ ಶಿಷ್ಯ. ಬೆಳಗಿನ ಪ್ರಾರ್ಥನೆಯ ಹೊಣೆ ಅವನದು. ಒಂದು ದಿನವೂ ಅವನು ತಡವಾಗಿ ಬಂದದ್ದಿಲ್ಲ, ಒಂದು ಅಕ್ಷರ ತಪ್ಪಿ ಹಾಡಿದ್ದಿಲ್ಲ.

"ಯಾರ ಮಾತು?" ಎಂದರು ಗುರುಗಳು.

"ಹೊಸದಾಗಿ ಸೇರಿದ ಮುರಿಗೆಯ್ಯನ ಮಾತು. ಹಾಡುವಾಗ ಅವನ ಕಣ್ಣಲ್ಲಿ ನೀರು ಸುರಿಯುತ್ತದೆ. ಇಷ್ಟು ವರ್ಷ ಅದೇ ಹಾಡು ಹಾಡಿದ ನನಗೇ ಬಾರದ ಕಣ್ಣೀರು ಅವನಿಗೆ ಎಲ್ಲಿಂದ ಬರುತ್ತದೆ? ಅದು ನಾಟಕ. ನೀವು ಹೂಂ ಎಂದರೆ ನಾಳೆ ಬೆಳಿಗ್ಗೆ ಊರಿಗೆ ಕಳಿಸುತ್ತೇನೆ. ಗಂಟು ಕಟ್ಟಿಸಿಯೂ ಆಗಿದೆ."

ಗುರುಗಳು ಕೂರು ಎಂದು ಕೈಮಾಡಿ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವರ್ತಕನಿದ್ದ. ಬಣ್ಣದ ವಿಷಯದಲ್ಲಿ ಅವನ ಮಾತೇ ಕೊನೆಯ ಮಾತು. ಎರಡು ಸೀರೆಗಳು ಒಂದೇ ಬಣ್ಣ ಎಂದು ಊರೆಲ್ಲ ಹೇಳಿದರೂ ಅವನು ಬೇರೆ ಎಂದರೆ ಬೇರೆ. ಅವನಿಗೊಬ್ಬ ಸ್ನೇಹಿತ, ವೈದ್ಯ. ಇಬ್ಬರಿಗೂ ಬ್ರಿಟಿಷರ ಕಾಲದ ಅಂಚೆಚೀಟಿ ಕೂಡಿಸುವ ಹುಚ್ಚು. ಆ ಕಾಲದಲ್ಲಿ ಒಂದೇ ಬಗೆಯ ಚೀಟಿಯನ್ನು ಹಲವು ಸಲ ಅಚ್ಚು ಹಾಕುತ್ತಿದ್ದರು. ಮಸಿ ಒಂದೊಂದು ಸಲಕ್ಕೂ ಒಂದಿಷ್ಟು ಬದಲಾಗುತ್ತಿತ್ತು. ಆ ಒಂದಿಷ್ಟನ್ನು ಗುರುತಿಸುವುದೇ ಅವರ ಸುಖ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ, ಒಂದೇ ಭೂತಗನ್ನಡಿಯನ್ನು ಕೈ ಬದಲಾಯಿಸುತ್ತ ಕೂರುತ್ತಿದ್ದರು. ಮಾತು ತಾನಾಗಿ ನಿಲ್ಲುತ್ತಿತ್ತು. ಗಾಜಿನ ಕೆಳಗೆ ಬಣ್ಣ ಕೆರೆಯಂತೆ ಹರಡಿಕೊಳ್ಳುತ್ತಿತ್ತು. ಇಬ್ಬರೂ ಅದರೊಳಗೆ ಇಳಿದು, ಎಷ್ಟೋ ಹೊತ್ತಾದ ಮೇಲೆ ದಡಕ್ಕೆ ಬರುತ್ತಿದ್ದರು.

ಒಮ್ಮೆ ರದ್ದಿ ಕಾಗದದ ನಡುವೆ ರಾಣಿಯ ಮುಖವಿದ್ದ ಎರಡು ಚೀಟಿ ಸಿಕ್ಕವು, ಇನ್ನೂ ಬಿಡಿಸದ ಜೋಡಿ. ಮಾಗಿದ ನೇರಳೆ ಹಣ್ಣಿನ ಬಣ್ಣ ಎಂದ ವರ್ತಕ. ಅಂಥದ್ದನ್ನು ಇಬ್ಬರೂ ಕಂಡಿರಲಿಲ್ಲ. ತೂತಿನ ಸಾಲಿನುದ್ದಕ್ಕೂ ಮೆಲ್ಲಗೆ ಹರಿದು ಒಂದೊಂದು ಹಂಚಿಕೊಂಡರು. ವೈದ್ಯ ತನ್ನದನ್ನು ಡಬ್ಬಿಯಲ್ಲಿಟ್ಟುಕೊಂಡು ದೂರದ ಊರಿನ ಆಸ್ಪತ್ರೆಗೆ ಕೆಲಸಕ್ಕೆ ಹೋದ. ವರ್ತಕ ತನ್ನದಕ್ಕೆ ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ, ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದ. ಬೆಳಗಿನ ಬಿಸಿಲು ದಿನವೂ ಬಂದು ಅದರ ಮೇಲೆ ಕೂತು ಹೋಗುತ್ತಿತ್ತು.

ಸುತ್ತಮುತ್ತಲಿನ ಹವ್ಯಾಸಿಗಳು ತಮಗೆ ಸಿಕ್ಕ ಅದೇ ಬಗೆಯ ಚೀಟಿಗಳನ್ನು ತಂದು ಆ ಚೌಕಟ್ಟಿನ ಪಕ್ಕ ಹಿಡಿದು ನೋಡುತ್ತಿದ್ದರು. ಹೊಂದಿದರೆ ಸಾಚಾ, ಹೊಂದದಿದ್ದರೆ ಖೋಟಾ. ವರ್ಷಗಳು ಕಳೆದಂತೆ ಹೊಂದುವವು ಕಡಿಮೆಯಾದವು. ಲೋಕದಲ್ಲಿ ಮೋಸ ಹೆಚ್ಚಿತು ಎಂದುಕೊಂಡ ವರ್ತಕ.

ವೈದ್ಯ ಹಿಂದಿರುಗಿದ. ಮೊದಲ ಭಾನುವಾರವೇ ಡಬ್ಬಿ ಹಿಡಿದು ಬಂದ. ವರ್ತಕ ಅವನ ಚೀಟಿಯನ್ನು ಗೋಡೆಯ ಬಳಿ ಹಿಡಿದ. ಕೈ ಅಲ್ಲೇ ನಿಂತಿತು.

"ಡಾಕ್ಟರೇ, ಇದು ನಮ್ಮ ಜೋಡಿಯದಲ್ಲ. ಗೋಡೆಯದು ಬದನೆ ಹೂವಿನ ತಿಳಿ ಬಣ್ಣ, ನಿಮ್ಮದು ಕಪ್ಪಗಿದೆ. ಕೆಮ್ಮಿನ ಔಷಧಕ್ಕೆ ಬಣ್ಣ ಬೆರೆಸಿದ ಹಾಗೆ ಇದಕ್ಕೂ ಬೆರೆಸಿದಿರಾ?"

ತಮಾಷೆ ಎಂದು ವೈದ್ಯ ನಕ್ಕ. ವರ್ತಕ ನಗಲಿಲ್ಲ.

"ನೇರಳೆ ಹಣ್ಣಿನ ಬಣ್ಣ ಎಂದು ಅಂದು ನೀವೇ ಅಲ್ಲವೇ ಹೇಳಿದ್ದು, ಸಾಹುಕಾರರೇ? ನಾನಿದನ್ನು ಡಬ್ಬಿಯಿಂದ ಆಚೆಗೇ ತೆಗೆದಿಲ್ಲ. ಬೇಕಾದರೆ ನಿಮ್ಮ ಚೌಕಟ್ಟು ಬಿಚ್ಚಿ. ಹರಿದ ಅಂಚು ಎರಡನ್ನೂ ಕೂಡಿಸಿ ನೋಡಿದರಾಯಿತು."

"ಅಂದಿನ ಮಾತು ಯಾರಿಗೆ ನೆನಪು? ಗೋಡೆಯ ಮೇಲಿರುವುದು ಕಣ್ಣೆದುರಿಗಿದೆ. ಅದು ಮಾದರಿ. ಅದನ್ನಿಟ್ಟುಕೊಂಡು ಉಳಿದವನ್ನು ನೋಡಬೇಕು. ನೀವು ಅದನ್ನೇ ಬಿಚ್ಚಿ ನೋಡು ಎನ್ನುತ್ತೀರಿ. ಅಸಲಿಯನ್ನು ಮಾರಿಕೊಂಡೆ ಎಂದುಬಿಡಿ, ಮುಗಿಯಿತು."

ವೈದ್ಯ ಚೀಟಿಯನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ.

ಅಂದಿನಿಂದ ವರ್ತಕನಿಗೆ ಒಂದು ಕನಸು ಬೀಳತೊಡಗಿತು. ಒಂದು ಹೊಳೆ. ನೀರೆಲ್ಲ ಮಾಗಿದ ನೇರಳೆಯ ಬಣ್ಣ. ಸದ್ದಿಲ್ಲದೆ ಹರಿಯುತ್ತಿದೆ. ಆಚೆ ದಡದಲ್ಲಿ ಯಾರೋ ಭೂತಗನ್ನಡಿ ಹಿಡಿದು ಕೂತಿದ್ದಾರೆ, ಪಕ್ಕದಲ್ಲಿ ಇವನಿಗೆ ಜಾಗ ಬಿಟ್ಟು. ಇವನು ನೀರಿಗೆ ಕಾಲಿಡುತ್ತಾನೆ. ಪಾದ, ಮೊಣಕಾಲು, ಪಂಚೆ, ಎಲ್ಲ ಆ ಬಣ್ಣಕ್ಕೆ ತಿರುಗುತ್ತವೆ. ಅಷ್ಟರಲ್ಲಿ ಎಚ್ಚರ. ಎದ್ದು ಗೋಡೆಯನ್ನು ನೋಡುತ್ತಾನೆ. ಅಲ್ಲಿ ಬದನೆ ಹೂವಿನ ಬಣ್ಣ. ಕನಸಿಗೆ ಬಣ್ಣ ತಿಳಿಯುವುದಿಲ್ಲ ಎಂದುಕೊಂಡು ಮುಖ ತೊಳೆಯಲು ಹೋಗುತ್ತಾನೆ.

ಒಂದು ವರ್ಷ ಗೋಡೆಗೆ ಸುಣ್ಣ ಹೊಡೆಸಲೆಂದು ಚೌಕಟ್ಟು ಇಳಿಸಿದರು. ಗಾಜು ಬಿರುಕು ಬಿಟ್ಟಿತು. ಬದಲಾಯಿಸಬೇಕೆಂದು ವರ್ತಕ ತಾನೇ ಮೊಳೆ ಕಿತ್ತು ಚೀಟಿಯನ್ನು ಹೊರಗೆ ತೆಗೆದ. ಚೌಕಟ್ಟಿನ ಮರ ಇಷ್ಟು ಕಾಲ ಅದರ ಒಂದು ಅಂಚನ್ನು ಮುಚ್ಚಿತ್ತು. ವೈದ್ಯನ ಚೀಟಿಯಿಂದ ಹರಿದು ಬಂದ ಅಂಚು. ಬಿಸಿಲು ಅಲ್ಲಿಗೆ ಮುಟ್ಟಿರಲಿಲ್ಲ. ಅಲ್ಲಿ, ಒಂದು ಎಳೆಯಷ್ಟು ಅಗಲಕ್ಕೆ, ಮಾಗಿದ ನೇರಳೆ ಹಣ್ಣಿನ ಬಣ್ಣ, ಆ ಹೊಳೆಯ ನೀರಿನ ಬಣ್ಣ, ಹಾಗೇ ಉಳಿದಿತ್ತು.

ವರ್ತಕ ಬರಿಗಾಲಲ್ಲಿ ಓಡಿದ. ವೈದ್ಯನ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಹೊರಗೆ ಬಂದಳು.

"ಮಗಳ ಊರಿಗೆ ಹೋಗಿದ್ದರಲ್ಲ, ಅಲ್ಲೇ ತೀರಿಕೊಂಡರು. ಆಗಲೇ ತಿಂಗಳಾಯಿತು. ನಿಮಗೆ ಗೊತ್ತಿದ್ದೇ ಇರುತ್ತದೆ ಅಂತ ಯಾರೂ ಹೇಳಲಿಲ್ಲವೇನೋ."

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಕಾದ. ಕತೆ ಅವನಿಗೆ ಹಿಡಿಸಿತ್ತು; ಆದರೆ ತನ್ನ ಪ್ರಶ್ನೆ ಇನ್ನೂ ಕೂತ ಜಾಗದಲ್ಲೇ ಕೂತಿದೆ ಎನಿಸಿತು.

"ಚೀಟಿಗೆ ಬಿಸಿಲು ತಗುಲಿತು, ಬಣ್ಣ ಹೋಯಿತು, ಸರಿ. ಮುರಿಗೆಯ್ಯನ ಕಣ್ಣೀರು ಅಸಲಿ ಎಂದು ನಾನು ಯಾವ ಅಂಚನ್ನು ನೋಡಿ ನಂಬಲಿ, ಗುರುಗಳೇ?"

"ಮಠಕ್ಕೆ ಬಂದ ಹೊಸತರಲ್ಲಿ ನೀನು ಹಾಡುವಾಗ ಅಳುತ್ತಿದ್ದೆ, ಅಡವಯ್ಯ, ನಾನು ನೋಡಿದ್ದೇನೆ."